ಚೌಕದೊಳಗಿನ ದೇವಿ, ಗದ್ದೆಯಂಚಿನ ಹುಲಿ
(ವಾರ್ಲಿ ಚಿತ್ರಗಳಲ್ಲಿ ನಿತ್ಯದ ಬದುಕು ಮತ್ತು ಪುರಾಣ: ಉಪನ್ಯಾಸದ ಬರಹರೂಪ)



ವಾರ್ಲಿ ಚಿತ್ರಗಳನ್ನು ಕಾಣದವರು ಇಂದು ವಿರಳ. ಕರ್ನಾಟಕದ ಎಷ್ಟೋ ಶಾಲೆಗಳ ಆವರಣಗೋಡೆಗಳಲ್ಲಿ, ಅಂಗನವಾಡಿಗಳಲ್ಲಿ, ಕೈಚೀಲಗಳ ಮೇಲೆ, ಮದುವೆಯ ಕರೆಯೋಲೆಗಳ ಅಂಚಿನಲ್ಲಿ ತ್ರಿಕೋನದ ಎದೆ, ತ್ರಿಕೋನದ ಸೊಂಟದ ಆ ಬಿಳಿಯ ಮನುಷ್ಯರು ಕೈಕೈ ಹಿಡಿದು ಕುಣಿಯುತ್ತಿರುತ್ತಾರೆ. ‘ಆದಿವಾಸಿಗಳ ಸರಳ ಬದುಕಿನ ಚಿತ್ರ’ ಎಂಬ ಒಂದು ವಾಕ್ಯದಲ್ಲಿ ಅವುಗಳ ವ್ಯಾಖ್ಯಾನ ಮುಗಿದುಹೋಗುವುದು ವಾಡಿಕೆ. ಆ ವಾಕ್ಯ ಪೂರ್ತಿ ಸುಳ್ಳಲ್ಲ. ಆದರೆ ಚಿತ್ರದಲ್ಲಿರುವವರ ಪೈಕಿ ಅರ್ಧದಷ್ಟು ಮಂದಿಯನ್ನು ಅದು ಕಾಣುವುದೇ ಇಲ್ಲ.

ಐದು ದಶಕಗಳಿಂದ ವಾರ್ಲಿ ಚಿತ್ರಕಾರರು ಕಾಗದದ ಮೇಲೂ ಬಟ್ಟೆಯ ಮೇಲೂ ಮತ್ತೆ ಮತ್ತೆ ಬರೆಯುತ್ತ ಬಂದಿರುವ ದೃಶ್ಯವೊಂದನ್ನು ನೆನಪಿಗೆ ತಂದುಕೊಳ್ಳಬಹುದು. ಕೆಮ್ಮಣ್ಣಿನ ಹಿನ್ನೆಲೆ, ಅದರ ಮೇಲೆ ಬಿಳಿಯಲ್ಲಿ ಒಂದು ಊರು. ಒಬ್ಬಳು ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದಾಳೆ, ಇನ್ನೊಬ್ಬಳು ಮೊರದಲ್ಲಿ ಕೇರುತ್ತಿದ್ದಾಳೆ. ಗದ್ದೆಯಲ್ಲಿ ಬಾಗಿದ ಸಾಲೊಂದು ಸಸಿ ನೆಡುತ್ತಿದೆ. ಒಬ್ಬ ತಾಳೆಮರವೇರಿ ಮಡಕೆ ಇಳಿಸುತ್ತಿದ್ದಾನೆ. ಗುಡಿಸಲಿಗೆ ಗೋಡೆಯಿದೆ, ಆದರೂ ಒಳಗಿನ ಒಲೆ, ಒಲೆಯ ಮುಂದಿನ ಹೆಂಗಸು, ತೊಟ್ಟಿಲಿನ ಮಗು ಎಲ್ಲವೂ ಹೊರಗಿನವರಿಗೆ ಕಾಣುತ್ತವೆ. ನಡುವೆ ಸೋರೆಬುರುಡೆಯಿಂದ ಮಾಡಿದ ತಾರ್ಪಾ ಎಂಬ ವಾದ್ಯವನ್ನು ಊದುವವನ ಸುತ್ತ ಕುಣಿತದ ಸುರುಳಿ. ಇವೆಲ್ಲದರ ಜೊತೆಗೆ ಗದ್ದೆಯಂಚಿನಲ್ಲಿ ಒಂದು ಹುಲಿ ಕುಳಿತಿದೆ. ಯಾರೂ ಓಡುತ್ತಿಲ್ಲ, ಯಾರೂ ಕೋಲೆತ್ತಿಲ್ಲ.

ಆ ಹುಲಿಯನ್ನು ಹೇಗೆ ಓದಬೇಕು ಎಂಬುದೇ ಇಂದಿನ ಮಾತಿನ ವಿಷಯ. ಪೇಟೆಯ ನೋಡುಗ ಅದನ್ನು ಕಲ್ಪನೆ ಎನ್ನುತ್ತಾನೆ. ಮನುಷ್ಯ ಮತ್ತು ಪ್ರಕೃತಿಯ ಸಾಮರಸ್ಯದ ಒಂದು ಸುಂದರ ಕನಸು ಎನ್ನುತ್ತಾನೆ. ಕಾಡು ಬಲ್ಲವನು, ಆ ಸೀಮೆಯಲ್ಲಿ ಚಿರತೆಗಳಿವೆ, ಕಂಡದ್ದನ್ನು ಬರೆದಿದ್ದಾರೆ ಎನ್ನುತ್ತಾನೆ. ಜಾನಪದ ಓದಿದವನು ಅದು ದೇವರು ಎಂದು ತೀರ್ಪು ಕೊಟ್ಟು ಮುಂದಿನ ಚಿತ್ರಕ್ಕೆ ಸಾಗುತ್ತಾನೆ. ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಆ ದೇವರಿಗೆ ಗದ್ದೆಯಲ್ಲಿ ಏನು ಕೆಲಸ, ಭತ್ತ ಕುಟ್ಟುವವಳಿಗೂ ಅವನಿಗೂ ಏನು ಲೇವಾದೇವಿ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ವಾರ್ಲಿಗಳು ಮಲೆನಾಡಿಗೆ ದೂರದವರಲ್ಲ. ಸಹ್ಯಾದ್ರಿಯ ಉತ್ತರದ ಕೊನೆಯಲ್ಲಿ, ಬೆಟ್ಟದ ಪಶ್ಚಿಮದ ಬುಡದಿಂದ ಅರಬ್ಬೀ ಸಮುದ್ರದವರೆಗಿನ ಪಟ್ಟಿಯಲ್ಲಿ, ಮಹಾರಾಷ್ಟ್ರದ ಡಹಾಣೂ, ತಲಾಸರಿ, ಜವ್ಹಾರ ತಾಲೂಕುಗಳಲ್ಲಿಯೂ ಪಕ್ಕದ ಗುಜರಾತಿನ ಅಂಚಿನಲ್ಲಿಯೂ ಅವರ ಹಾಡಿಗಳಿವೆ. 2014ರವರೆಗೆ ಇದು ಠಾಣೆ ಜಿಲ್ಲೆ. ಆ ವರ್ಷ ಪಾಲಘರ ಪ್ರತ್ಯೇಕ ಜಿಲ್ಲೆಯಾಯಿತು. ಮಳೆ, ಭತ್ತ, ಕುರುಚಲು ಮತ್ತು ದಟ್ಟಕಾಡು, ಬೇಸಿಗೆಯ ಹಸಿವು ಎಲ್ಲವೂ ಇಲ್ಲಿನವರಿಗೆ ಪರಿಚಿತವೇ.

ಒಂದು ತಪ್ಪುತಿಳಿವಳಿಕೆಯನ್ನು ಮೊದಲಿಗೇ ಬದಿಗಿಡುವುದು ಒಳಿತು. ನಿತ್ಯಜೀವನವನ್ನು ಕತೆಯಾಗಿ ಹೇಳುವ ವಾರ್ಲಿ ಚಿತ್ರ ‘ಸಾವಿರಾರು ವರ್ಷಗಳ ಪರಂಪರೆ’ ಎಂದು ಮಾರಾಟದ ಚೀಟಿಗಳು ಹೇಳುತ್ತವೆ. ಸಗಣಿ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲಿನ ಅಕ್ಕಿಹಿಟ್ಟಿನ ಗೆರೆ ಕೆಲವು ಮಳೆಗಾಲಗಳನ್ನು ಕಂಡರೆ ಹೆಚ್ಚು. ಅದರ ವಯಸ್ಸನ್ನು ಗೋಡೆಯಿಂದ ಲೆಕ್ಕಹಾಕಲು ಬರುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: 1970ರ ದಶಕದವರೆಗೆ ಈ ಚಿತ್ರ ಮುಖ್ಯವಾಗಿ ಮದುವೆಮನೆಯ ಗೋಡೆಯದು, ಮುತ್ತೈದೆಯರ ಕೈಯದು. ಅದರ ಹೆಸರು ಚೌಕ. ಬರ ಬಂದಾಗ ಮಿಥಿಲೆಯ ಹೆಂಗಸರಿಗೆ ಕಾಗದ ಕೊಟ್ಟು ಚಿತ್ರ ಬರೆಯಿಸಿದ ಭಾಸ್ಕರ ಕುಲಕರ್ಣಿಯವರೇ ವಾರ್ಲಿಗಳ ನಾಡಿಗೂ ಕಾಗದ ತಂದರು. ಆ ಬಳಿಕವೇ ಗಂಡಸರು ಕುಂಚ ಹಿಡಿದದ್ದು, ಚಿತ್ರವು ವಿಧಿಯಿಂದ ಬಿಡಿಸಿಕೊಂಡು ಕತೆಯಾದದ್ದು. ಅಂದರೆ ಇಂದು ‘ವಾರ್ಲಿ’ ಎಂದಾಗ ಕಣ್ಮುಂದೆ ಬರುವ ಊರು, ಗದ್ದೆ, ಕುಣಿತಗಳ ವಿಸ್ತಾರವಾದ ಚಿತ್ರ ಒಂದು ಆಧುನಿಕ ಪ್ರಕಾರ. ಇದರಿಂದ ಅದರ ಬೆಲೆ ಕುಂದುವುದಿಲ್ಲ. ಅದು ಎಲ್ಲಿಂದ ಪುರಾಣವನ್ನು ತಂದಿತು ಎಂದು ತಿಳಿಯಲು ಚೌಕದ ಬಳಿಗೇ ಹೋಗಬೇಕಾಗುತ್ತದೆ, ಅಷ್ಟೆ.

ಚೌಕವೆಂದರೆ ಹೆಸರೇ ಹೇಳುವಂತೆ ನಾಲ್ಕು ಮೂಲೆಯ ಒಂದು ಆವರಣ. ಅದರ ಅಂಚುಗಳಲ್ಲಿ ಸರಪಳಿಯಂಥ, ಹೆಣಿಗೆಯಂಥ ಗೆರೆಗಳ ಪಟ್ಟಿಗಳು ಒಂದರೊಳಗೊಂದು. ನಡುವೆ ಪಾಲಘಾಟ ದೇವಿ. ಘಟವೆಂದರೆ ಮಡಕೆ, ಹಸಿರು ತುಂಬಿ ತುಳುಕುವ ಮಡಕೆಯೇ ಆ ತಾಯಿ ಎಂದು ಅರ್ಥ ಹೇಳುವುದುಂಟು. ಅವಳು ಬೆಳೆಯ, ಬಸಿರಿನ ದೇವತೆ. ಚೌಕದಲ್ಲಿ ಅವಳನ್ನು ಬರೆಯದೆ ಮದುವೆ ನಡೆಯುವುದಿಲ್ಲ. ಸುತ್ತಲೂ ಸೂರ್ಯ, ಚಂದ್ರ, ಏಣಿ, ಬಾಚಣಿಗೆ, ಕುದುರೆಯ ಮೇಲೆ ಮದುಮಕ್ಕಳು, ಮರ, ಹಕ್ಕಿ, ಹುಲಿ. ಚಿತ್ರ ಬರೆಯುವಾಗ ಹೆಂಗಸರು ಹಾಡುತ್ತಾರೆ. ಧವಲೇರಿ ಎಂಬಾಕೆ ಮದುವೆಯ ವಿಧಿಗಳನ್ನು ಹಾಡಿನಲ್ಲಿಯೇ ನಡೆಸುತ್ತಾಳೆ. ಮೈಮೇಲೆ ದೇವರು ಬರುವ ಭಗತನಿಗೆ ಬೇರೆ ಪಾತ್ರವಿದೆ. ಬಿದಿರಿನ ಕಡ್ಡಿಯ ತುದಿಯನ್ನು ಅಗಿದು ನಾರಾಗಿಸಿದರೆ ಅದೇ ಕುಂಚ.

ಈ ಚೌಕದ ಪಕ್ಕದಲ್ಲಿ ಇನ್ನೊಂದು ಚಿಕ್ಕ ಚೌಕವಿರುತ್ತದೆ. ಅದರಲ್ಲಿ ಪಂಚಶಿರ್ಯಾ. ಹೆಸರಿನಲ್ಲಿ ಐದು ತಲೆಗಳಿವೆ, ಚಿತ್ರದಲ್ಲಿ ಒಂದೂ ಇಲ್ಲ. ಕುದುರೆಯ ಮೇಲೆ ಕುಳಿತ ಅಥವಾ ನಿಂತ ಆ ವೀರನ ಕತ್ತಿನಿಂದ ತಲೆಗೆ ಬದಲು ಧಾನ್ಯದ ಐದು ಮೊಳಕೆಗಳು ಹೊರಟಿವೆ. ಅವನು ದೇವಿಯ ಕಾವಲುಗಾರ. ತಲೆಯಿಲ್ಲದ ಕುದುರೆಸವಾರನನ್ನು ಮದುವೆಮನೆಯಲ್ಲಿ ಕಂಡ ಹೊರಗಿನವರು ಬೆಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಭತ್ತ ಬೆಳೆಯುವವರಿಗೆ ಇದರಲ್ಲಿ ವಿಚಿತ್ರವೇನೂ ತೋರದು. ತೆನೆಯ ತಲೆಯನ್ನು ಕುಯ್ದು ತಂದು, ಅದರದೇ ಕಾಳನ್ನು ಮರುವರ್ಷ ಮಣ್ಣಿಗೆ ಹಾಕಿ ಮೊಳಕೆ ಕಾಣುವುದು ಪ್ರತಿಯೊಬ್ಬ ರೈತನ ವಾರ್ಷಿಕ ಅನುಭವ. ಕುಯ್ದ ಕತ್ತಿನಿಂದ ಚಿಗುರು ಬರುವುದು ಕಟ್ಟುಕತೆಯಲ್ಲ, ಕೃಷಿ. ಇಲ್ಲಿ ಪುರಾಣವು ನಿತ್ಯದ ಕೆಲಸಕ್ಕೆ ಹೊರಗಿನಿಂದ ಅಂಟಿಸಿದ ಅಲಂಕಾರವಾಗಿ ಬಂದಿಲ್ಲ. ಕೆಲಸವನ್ನೇ ದಿಟ್ಟಿಸಿ ನೋಡಿದಾಗ ಹುಟ್ಟಿದ ರೂಪವಾಗಿ ಬಂದಿದೆ.

ಇದೇ ಚೌಕ ಬರೆದ ಗೋಡೆಗಳಿಗೆ ಇನ್ನೊಂದು ಇತಿಹಾಸವೂ ಇದೆ. ಚಿತ್ರಕಲೆಯ ಪುಸ್ತಕಗಳಲ್ಲಿ ಅದಕ್ಕೆ ದೊರೆಯುವ ಜಾಗ ಕಡಿಮೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಾರ್ಲಿಗಳ ಭೂಮಿಯ ಬಹುಪಾಲು ಹೊರಗಿನ ಜಮೀನುದಾರರ, ಸಾಹುಕಾರರ ಕೈ ಸೇರಿತ್ತು. ಮದುವೆಗೆಂದು ಧಣಿಯಲ್ಲಿ ಸಾಲ ಮಾಡಿದವನು ಆ ಸಾಲಕ್ಕೆ ಜೀತದಾಳಾಗುತ್ತಿದ್ದ. ಹೆಂಡತಿಯೂ ಅವನೊಂದಿಗೆ ದುಡಿಯಬೇಕಾಗಿತ್ತು. ಇವರನ್ನು ‘ಲಗ್ನಗಡಿ’ಗಳೆಂದು ಕರೆಯುತ್ತಿದ್ದರು, ಗಡಿ ಎಂದರೆ ಅಲ್ಲಿನ ಮಾತಿನಲ್ಲಿ ಆಳು. ಲಗ್ನದ ಆಳು. 1945ರಲ್ಲಿ ವಾರ್ಲಿಗಳು ಬಿಟ್ಟಿದುಡಿಮೆಯ ವಿರುದ್ಧ, ಈ ಜೀತದ ವಿರುದ್ಧ ಎದ್ದರು. ಕಿಸಾನ್ ಸಭೆಯ ಗೋದಾವರಿ ಪರುಳೇಕರ ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. ಅವರು ಮರಾಠಿಯಲ್ಲಿ ಬರೆದ ಅನುಭವಕಥನ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ 1972ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಚೌಕದ ಬಣ್ಣವೇ ಬದಲಾಗುತ್ತದೆ. ಯಾವ ಮದುವೆಯಿಂದ ಒಂದು ಜೋಡಿ ಧಣಿಯ ಸೊತ್ತಾಗುತ್ತಿತ್ತೋ ಅದೇ ಮದುವೆಯ ಗೋಡೆಯ ಮೇಲೆ ಹೆಂಗಸರು ನಾಲ್ಕು ಮೂಲೆಯ ಒಂದು ಹೊಲ ಬರೆದು, ಅದರ ನಡುವೆ ಬೆಳೆಯ ತಾಯಿಯನ್ನು ಕೂರಿಸಿ, ಅಂಚಿಗೆ ಪಟ್ಟಿಯ ಮೇಲೆ ಪಟ್ಟಿ ಎಳೆದು ಬೇಲಿ ಕಟ್ಟುತ್ತಿದ್ದರು, ಕಾವಲಿಗೆ ಒಬ್ಬನನ್ನು ನಿಲ್ಲಿಸುತ್ತಿದ್ದರು. ಆ ಆವರಣದಲ್ಲಿ ಸೂರ್ಯಚಂದ್ರರಿಗೆ, ಏಣಿಗೆ, ಹುಲಿಗೆ ಜಾಗವಿದೆ. ಸಾಹುಕಾರನಿಗೆ ಇಲ್ಲ. ಇದನ್ನು ಬಂಡಾಯವೆಂದು ಕರೆದರೆ ಅತಿಯಾದೀತು. ಬರೆದವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಆದರೆ ಊರಿನ ಪಹಣಿಯಲ್ಲಿ ಒಬ್ಬನ ಹೆಸರಿದ್ದಾಗ ಗೋಡೆಯ ಮೇಲೆ ಇನ್ನೊಬ್ಬಳ ಹೆಸರು ಇತ್ತು ಎಂಬುದು ಕಣ್ಣಿಗೆ ಕಾಣುವ ಸಂಗತಿ. ಈ ನೆಲ ಯಾರದು ಎಂಬ ಪ್ರಶ್ನೆಗೆ ಚೌಕವು ಕಂದಾಯ ಇಲಾಖೆಯ ಉತ್ತರಕ್ಕಿಂತ ಬೇರೆಯಾದ ಉತ್ತರ ಕೊಡುತ್ತಿತ್ತು.

ಇನ್ನು ಕಾಗದದ ಮೇಲಿನ ಕಥನಚಿತ್ರಗಳಿಗೆ ಬರಬಹುದು. ಈ ಪ್ರಕಾರವನ್ನು ಕಟ್ಟಿದವರಲ್ಲಿ ಮೊದಲ ಹೆಸರು ಜೀವ್ಯಾ ಸೋಮಾ ಮಶೆಯವರದು. 1934ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಆಘಾತದಲ್ಲಿ ಹಲವು ವರ್ಷ ಮಾತು ಬಿಟ್ಟಿದ್ದರು, ಮಣ್ಣಿನಲ್ಲಿ ಚಿತ್ರ ಗೀಚಿಯೇ ಹೇಳಬೇಕಾದದ್ದನ್ನು ಹೇಳುತ್ತಿದ್ದರು ಎಂದು ಅವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಹೆಂಗಸರ ಕೆಲಸವಾಗಿದ್ದ ಚಿತ್ರವನ್ನು ಗಂಡಸೊಬ್ಬ ದಿನನಿತ್ಯದ ಕಸುಬಾಗಿ ಮಾಡಿಕೊಂಡದ್ದು ಆಗ ಹೊಸದು. 1989ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 2003ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ಬ್ರಿಟಿಷ್ ಕಲಾವಿದ ರಿಚರ್ಡ್ ಲಾಂಗರ ಜೊತೆ ಪ್ರದರ್ಶನ ನಡೆಯಿತು. 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಅವರು ತೀರಿಕೊಂಡರು. ಆ ದಾರಿಯಲ್ಲಿ ಚೌಕ ಬರೆದ ಹೆಂಗಸರ ಹೆಸರುಗಳು ಹೆಚ್ಚಾಗಿ ಉಳಿಯಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಮಶೆಯವರ ಚಿತ್ರಗಳಲ್ಲಿ ‘ಮೀನಿನ ಬಲೆ’ ಹೆಸರಾದದ್ದು. ಅದನ್ನು ಅವರು ಹಲವು ಬಾರಿ ಬರೆದರು. ಬಲೆಯ ಹೆಣಿಗೆಯೇ ಚಿತ್ರದ ಬಹುಭಾಗವನ್ನು ತುಂಬಿಕೊಂಡಿರುತ್ತದೆ; ಲೆಕ್ಕಕ್ಕೆ ಸಿಗದಷ್ಟು ಸಣ್ಣ ಗೆರೆಗಳು, ಚುಕ್ಕಿಗಳು. ಬಲೆ ಹಿಡಿದ ಮನುಷ್ಯ ಅದರ ಮುಂದೆ ಒಂದು ಇರುವೆಯಷ್ಟು. ವಾಸ್ತವದ ಅಳತೆಗೋಲು ಹಿಡಿದರೆ ಇದು ಸುಳ್ಳು. ಆದರೆ ಬಲೆ ಹೆಣೆಯಲು ಹಿಡಿಯುವ ದಿನಗಳ ಲೆಕ್ಕ ತೆಗೆದರೆ ಆ ಅಳತೆ ಸರಿ. ವಾರ್ಲಿ ಚಿತ್ರದಲ್ಲಿ ವಸ್ತುವಿನ ಗಾತ್ರ ಕಣ್ಣಿಗೆ ಕಂಡದ್ದಲ್ಲ, ಬದುಕಿನಲ್ಲಿ ಅದು ತೂಗುವಷ್ಟು. ಮರ ಗುಡಿಸಲಿಗಿಂತ ಹತ್ತುಪಟ್ಟು ದೊಡ್ಡದು. ಕಣಜ ದೊಡ್ಡದು. ಇರುವೆಯ ಸಾಲಿಗೂ ದಾರಿ ಬಿಟ್ಟಿದ್ದಾರೆ. ಕೋಳಿ ಕೆಲವೊಮ್ಮೆ ಮನುಷ್ಯನಿಗಿಂತ ದೊಡ್ಡದಾಗಿರುತ್ತದೆ. ಅದಕ್ಕೆ ಮಾತ್ರ ಏನೂ ಕಾರಣ ಹುಡುಕಬೇಕಾಗಿಲ್ಲ, ಬರೆಯುವವನಿಗೆ ಕೋಳಿಯ ಬಾಲ ಎಳೆಯುವುದು ಖುಷಿ ಕೊಟ್ಟಿರಬಹುದು. ವೃತ್ತ ಸೂರ್ಯನಿಂದ, ತ್ರಿಕೋನ ಬೆಟ್ಟದಿಂದ, ಚೌಕ ಹೊಲದಿಂದ ಎಂದು ಪಾಠ ಒಪ್ಪಿಸುವ ವ್ಯಾಖ್ಯಾನಕಾರರು ಈ ಆಟದ ಗುಣವನ್ನು ಮರೆಯುತ್ತಾರೆ. ಎಲ್ಲ ಗೆರೆಗೂ ಸಂಕೇತದ ಭಾರ ಹೊರಿಸಿದರೆ ಚಿತ್ರ ಉಸಿರು ಕಟ್ಟುತ್ತದೆ.

ಗಮನಿಸಬೇಕಾದ ಇನ್ನೊಂದು ಮುಖ್ಯ ಅಂಶ: ವಾರ್ಲಿ ಚಿತ್ರದಲ್ಲಿ ದಿಗಂತವಿಲ್ಲ. ಮೇಲೆ ಸ್ವರ್ಗ, ಕೆಳಗೆ ಭೂಮಿ ಎಂಬ ಏರ್ಪಾಟಿಲ್ಲ. ಕತೆಯ ಭೂತಕ್ಕೂ ಭತ್ತ ಕುಟ್ಟುವವಳಿಗೂ ಅದೇ ಎರಡು ತ್ರಿಕೋನದ ಮೈ. ರವಿವರ್ಮನ ಚಿತ್ರದಲ್ಲಿ ದೇವತೆಗೆ ಪ್ರಭೆಯಿರುತ್ತದೆ, ನಾಲ್ಕು ಕೈ ಇರುತ್ತವೆ. ಯಾರು ದೇವರು ಎಂದು ಮಗುವೂ ಗುರುತಿಸುತ್ತದೆ. ಇಲ್ಲಿ ಗುರುತಿಸಬೇಕಾದರೆ ಕತೆ ಗೊತ್ತಿರಬೇಕು. ಸುಗ್ಗಿಯ ಕಾಲದಲ್ಲಿ ಭಗತನು ಹಾಡುವ ಧಾನ್ಯದೇವತೆ ಕಂಸಾರಿಯ ಕತೆ ಬಲ್ಲವನಿಗೆ ಕಣಜದ ಪಕ್ಕ ನಿಂತ ಹೆಂಗಸು ಕಂಸಾರಿಯಾಗಿ ಕಾಣಬಹುದು. ಬಲ್ಲದವನಿಗೆ ಅವಳು ಬರಿಯ ಹೆಂಗಸು. ‘ನಿತ್ಯಜೀವನ ಇಲ್ಲಿಯವರೆಗೆ, ಪುರಾಣ ಇಲ್ಲಿಂದಾಚೆಗೆ’ ಎಂದು ಗೆರೆ ಎಳೆಯುವ ಅನುಕೂಲವನ್ನು ಚಿತ್ರ ಕೊಡುವುದಿಲ್ಲ. ಹೊರಗಿನವರು ಎಳೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಶಾಲೆಯ ಗೋಡೆಗಳೇ ಸಾಕ್ಷಿ: ಕುಣಿತ ಬಂದಿದೆ, ಬಾವಿ ಬಂದಿದೆ, ಎತ್ತಿನಗಾಡಿ ಬಂದಿದೆ. ಪಾಲಘಾಟ ಬಂದಿಲ್ಲ. ತಲೆಯಿಲ್ಲದ ಕಾವಲುಗಾರ ಬಂದಿಲ್ಲ. ಹುಲಿ ಬಂದಿದ್ದರೂ ಆಟಿಕೆಯ ಹುಲಿಯಾಗಿದೆ.

ಈಗ ಆ ಹುಲಿಯ ವಿಚಾರ. ವಾರ್ಲಿಗಳಿಗೆ ಅವನು ವಾಘೋಬಾ. ಮರಾಠಿಯಲ್ಲಿ ವಾಘ ಎಂಬ ಮಾತು ಹುಲಿಗೂ ಸಲ್ಲುತ್ತದೆ, ಚಿರತೆಗೂ ಸಲ್ಲುತ್ತದೆ. ಆ ಭಾಗದಲ್ಲಿ ಹುಲಿ ಅಳಿದಿದೆ, ಚಿರತೆ ಉಳಿದಿದೆ. 2021ರಲ್ಲಿ ಪ್ರಕಟವಾದ ಒಂದು ಕ್ಷೇತ್ರಾಧ್ಯಯನ ಮುಂಬಯಿ, ಠಾಣೆ, ಪಾಲಘರ ಸೀಮೆಯಲ್ಲಿ 150ಕ್ಕೂ ಹೆಚ್ಚು ವಾಘೋಬಾ ಸ್ಥಾನಗಳನ್ನು ಗುರುತಿಸಿತು. ಹೆಚ್ಚಿನವು ಕಲ್ಲು ಅಥವಾ ಮರದ ಹಲಗೆ. ಮೇಲೆ ಸೂರ್ಯ, ಚಂದ್ರ, ಹುಲಿಯ ಕೆತ್ತನೆ. ದೀಪಾವಳಿಯ ಹತ್ತಿರ ಬರುವ ವಾಘಬಾರಸ್ ಅವನ ದಿನ.

ಅವನ ಹುಟ್ಟಿನ ಕತೆಯ ಒಂದು ಪಾಠ ಹೀಗಿದೆ. ಮದುವೆಯಾಗದ ಹೆಣ್ಣೊಬ್ಬಳಿಗೆ ಹುಟ್ಟಿದ ಮಗ ಅವನು. ಹುಲಿಯಾಗಿ ಮಾರ್ಪಟ್ಟು ಊರಿನ ದನಗಳ ಮೇಲೆ ಬಿದ್ದ. ಊರಿನವರು ರೇಗಿದರು. ಮಗನ ಪ್ರಾಣವೂ ಉಳಿಯಬೇಕು, ಊರೂ ಉಳಿಯಬೇಕು. ತಾಯಿ ನಡುವೆ ನಿಂತು ಒಂದು ತೀರ್ಮಾನ ಮಾಡಿಸಿದಳು. ಅವನು ಕಾಡಿನಲ್ಲಿರಬೇಕು, ಊರು ಅವನಿಗೆ ಸ್ಥಾನ ಕಟ್ಟಿ ವರ್ಷಕ್ಕೊಮ್ಮೆ ಆಹಾರ ಕೊಡಬೇಕು. ಕತೆಯಲ್ಲಿ ಮಾಯೆಯಿದೆ, ರೂಪಾಂತರವಿದೆ. ಆದರೆ ಅದರ ಎಲುಬು ಒಂದು ಕರಾರು: ಎರಡು ಪಕ್ಷ, ಒಬ್ಬ ಮಧ್ಯಸ್ಥೆ, ಗಡಿ, ಕೊಡಬೇಕಾದ ಪಾಲು, ಕೊಡುವ ದಿನಾಂಕ. ಕರಾರು ಮುರಿದರೆ ಏನಾಗುತ್ತದೆ ಎಂಬುದೂ ಎರಡು ಪಕ್ಷಕ್ಕೂ ಗೊತ್ತು.

ಹಾಗಾದರೆ ಗದ್ದೆಯಂಚಿನಲ್ಲಿ ಕುಳಿತ ಹುಲಿ ಸಾಮರಸ್ಯದ ಕನಸಲ್ಲ. ಅವನು ಆ ನೆಲದ ಒಬ್ಬ ಪಾಲುದಾರ. ಯಾರೂ ಓಡುತ್ತಿಲ್ಲವೆಂದರೆ ಭಯವಿಲ್ಲವೆಂದಲ್ಲ. ಭಯಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ ಎಂದು. ನಂಬಿಕೆಯಿದ್ದ ಕೂಡಲೇ ಚಿರತೆ ಕರು ಹಿಡಿಯುವುದನ್ನು ಬಿಡುವುದಿಲ್ಲ, ಆ ಅಧ್ಯಯನವೂ ಹಾಗೆ ಹೇಳುವುದಿಲ್ಲ. ಕರು ಹೋದಾಗ ಅದನ್ನು ಅರ್ಥಮಾಡಿಕೊಳ್ಳುವ, ಸಹಿಸುವ, ಮತ್ತೆ ಮಾತುಕತೆಗೆ ಕೂರುವ ಒಂದು ದಾರಿ ಇರುತ್ತದೆ, ಅಷ್ಟೆ. ಸಹಬಾಳ್ವೆ ಎಂಬ ಮಾತನ್ನು ಪರಿಸರದ ವೇದಿಕೆಗಳಲ್ಲಿ ಎಷ್ಟು ಸುಲಭವಾಗಿ ಬಳಸಲಾಗುತ್ತದೆ! ಅದರ ಖರ್ಚುವೆಚ್ಚದ ಲೆಕ್ಕ ಇಟ್ಟವರು ಈ ಚಿತ್ರ ಬರೆದವರು.

ಪುರಾಣವನ್ನು ಹೀಗೆ ಪಾಲುದಾರರ ಪಟ್ಟಿಯಾಗಿ ಓದುವುದು ಬರಿಯ ಪಾಂಡಿತ್ಯದ ಹವ್ಯಾಸವಲ್ಲ. ಡಹಾಣೂವಿನ ಇತ್ತೀಚಿನ ಕತೆ ನೋಡಿದರೆ ಇದು ಸ್ಪಷ್ಟ. 1991ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಡಹಾಣೂ ತಾಲೂಕನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಪ್ರದೇಶವೆಂದು ಘೋಷಿಸಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಅದರ ರಕ್ಷಣೆಗೆ ಪ್ರತ್ಯೇಕ ಪ್ರಾಧಿಕಾರ ಬಂತು. ನಿವೃತ್ತ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿ ಅದರ ಅಧ್ಯಕ್ಷರಾಗಿದ್ದರು. 1998ರಲ್ಲಿ ಆ ಪ್ರಾಧಿಕಾರ ವಾಢವಣ ಬಂದರಿನ ಯೋಜನೆಯನ್ನು ತಡೆಯಿತು. 2023ರ ಜುಲೈ 31ರಂದು ಅದೇ ಪ್ರಾಧಿಕಾರ, ಬೇರೆ ಸದಸ್ಯರ ಕಾಲದಲ್ಲಿ, ಹೊಸ ರೂಪದ ಅದೇ ಬಂದರಿಗೆ ಒಪ್ಪಿಗೆ ನೀಡಿತು. 2024ರ ಆಗಸ್ಟ್ 30ರಂದು ಶಂಕುಸ್ಥಾಪನೆ ನಡೆಯಿತು. ಸುಮಾರು 76,000 ಕೋಟಿ ರೂಪಾಯಿಯ ಯೋಜನೆ. 1,400 ಹೆಕ್ಟೇರಿಗೂ ಮಿಕ್ಕಿ ಸಮುದ್ರವನ್ನು ತುಂಬಬೇಕಾಗುತ್ತದೆ. ಮೀನುಗಾರರು ಬೀದಿಗಿಳಿದರು. ಅತ್ತ ದಂಡೆಯಲ್ಲಿ ಮೀನಿನ ಬಲೆಯ ಪ್ರಶ್ನೆ, ಇತ್ತ ಬೆಟ್ಟದಲ್ಲಿ ಕಲ್ಲಿನ ಪ್ರಶ್ನೆ. ಎರಡೂ ಒಂದೇ ಯೋಜನೆಯ ಎರಡು ತುದಿಗಳು. ಇಷ್ಟರ ನಡುವೆ ವಾರ್ಲಿ ಚಿತ್ರಕ್ಕೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಚಿತ್ರ ಯಾವ ಭೂಗೋಳದ್ದು ಎಂದು ಸರ್ಕಾರ ಒಪ್ಪಿದೆ; ಆ ಭೂಗೋಳದ ಪಾಲುದಾರರು ಯಾರು ಎಂಬುದನ್ನು ಆ ಮಾನ್ಯತೆ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದ ಒಂದು ಸಂದರ್ಭವೂ ಈ ದೇಶದಲ್ಲಿ ಇದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ತೆಗೆಯುವ ಪ್ರಸ್ತಾಪ ಬಂದಾಗ ಅಲ್ಲಿನ ಡೋಂಗ್ರಿಯಾ ಕೊಂಧರು ಬೆಟ್ಟ ನಿಯಮರಾಜನದು ಎಂದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಿಲ್ಲ; ಧಾರ್ಮಿಕ, ಸಾಂಸ್ಕೃತಿಕ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ನಿರ್ಧರಿಸಲಿ ಎಂದಿತು. ಹನ್ನೆರಡು ಊರುಗಳಲ್ಲಿ ಸಭೆ ಸೇರಿತು. ಹನ್ನೆರಡೂ ಬೇಡವೆಂದವು. ಒಂದು ಪುರಾಣ ನ್ಯಾಯಾಲಯದ ಮುಂದೆ ಸಾಕ್ಷಿಯಾಗಿ ನಿಂತ ಅಪರೂಪದ ಗಳಿಗೆ ಅದು.

ಮಲೆನಾಡಿನ ಕಡೆಗೆ ತಿರುಗಿದರೆ, ಇಲ್ಲಿನ ಗೋಡೆಗೂ ಬುಟ್ಟಿಗೂ ಇಂಥದೇ ಬರವಣಿಗೆಯಿದೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಮದುಮಕ್ಕಳು ಕೂರುವ ಹಸೆಗೋಡೆಗೆ ಬರೆಯುವ ಚಿತ್ತಾರದ ಸಾಮಗ್ರಿ ವಾರ್ಲಿಗಳದಕ್ಕೆ ಅಕ್ಕತಂಗಿ: ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ. ಚಿತ್ತಾರ ಕತೆ ಹೇಳುವುದು ಕಡಿಮೆ, ಹೆಣಿಗೆಯ ಗಣಿತ ಹೆಚ್ಚು. ಎರಡನ್ನೂ ಒಂದೇ ಎನ್ನುವುದು ಸರಿಯಾಗದು. ಆದರೆ ಸೀಗೆ ಹುಣ್ಣಿಮೆಯ ಬೂಮಣ್ಣಿ ಬುಟ್ಟಿಯಲ್ಲಿ ಚಿತ್ರವೂ ಪುರಾಣವೂ ಗದ್ದೆಯೂ ಮುಖಾಮುಖಿಯಾಗುತ್ತವೆ. ತೆನೆ ಕಟ್ಟುವ ಭೂಮಿ ಬಸುರಿ, ಅವಳಿಗೆ ಬಯಕೆಯೂಟ. ರಾತ್ರಿಯಿಡೀ ಅಡುಗೆ ಮಾಡಿ, ಬೆರಕೆಸೊಪ್ಪು ಬೇಯಿಸಿ, ಚಿತ್ತಾರದ ಬುಟ್ಟಿಯಲ್ಲಿ ಹೊತ್ತು ನಸುಕಿಗೆ ಗದ್ದೆಗೆ ಹೋಗುತ್ತಾರೆ. ಎಡೆಯಿಟ್ಟು, ಚರಗ ಬೀರಿ, ಕಾಗೆಗೆ, ಇಲಿಗೆ ಎಂದು ಪಾಲು ಎತ್ತಿಡುತ್ತಾರೆ. ಇಲಿ ಭತ್ತದ ಶತ್ರುವೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಉತ್ತರ ಕನ್ನಡದ ಊರುಗಳಲ್ಲಿ ಹುಲಿದೇವರ ಕಲ್ಲುಗಳಿವೆ. ಅವುಗಳ ಮುಂದೆ ಆಗುವುದೂ ವಾಘಬಾರಸ್ಸಿನಂಥ ಲೆಕ್ಕಚುಕ್ತಾ.

ಅರಣ್ಯಹಕ್ಕು ಕಾಯಿದೆ 2006ರದು. ಅದರ ನಿಯಮಗಳು 2008ರಲ್ಲಿ ಬಂದವು. ಸಮುದಾಯದ ಹಕ್ಕಿಗೆ ಯಾವುದು ಸಾಕ್ಷ್ಯವಾಗಬಲ್ಲದು ಎಂದು ಹೇಳುವ 13ನೆಯ ನಿಯಮದಲ್ಲಿ ಪವಿತ್ರ ಮರಗಳು, ದೇವರಕಾಡುಗಳು, ಕೆರೆ ಮತ್ತು ಹೊಳೆಯಂಚಿನ ತಾಣಗಳು, ಸ್ಮಶಾನಗಳು ಸೇರಿವೆ. ಮಲೆನಾಡಿನ ಬಹುಪಾಲು ಜನ ಪರಿಶಿಷ್ಟ ಬುಡಕಟ್ಟುಗಳ ಪಟ್ಟಿಯಲ್ಲಿ ಇಲ್ಲದವರಾದ್ದರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಹೊಂದಿಸುವ ಸಂಕಟದಲ್ಲಿಯೇ ಅರ್ಜಿಗಳು ಸೋಲುತ್ತಿವೆ. ವೈಯಕ್ತಿಕ ಅರ್ಜಿಯ ಧಾವಂತದಲ್ಲಿ ಸಮುದಾಯದ ಹಕ್ಕಿನ ನಮೂನೆ ಮೂಲೆಗೆ ಬಿದ್ದಿದೆ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿಯೇ ವರದಿ ಬರೆದರು. ಊರು ಆ ಕಾಡನ್ನು ಬಳಸುತ್ತಿತ್ತು, ಕಾಯುತ್ತಿತ್ತು ಎಂಬುದಕ್ಕೆ ಸರ್ಕಾರಿ ಕಾಗದವೂ ಹೀಗೆ ಉಂಟು. ಅದರ ಜೊತೆಗೆ ಇಡಬೇಕಾದ ಇನ್ನೊಂದು ದಾಖಲೆಯನ್ನು ಯಾವ ಕಚೇರಿಯೂ ಬರೆದಿಟ್ಟಿಲ್ಲ.

ಯಾವ ಗದ್ದೆಯ ಎಡೆ ಯಾವ ಮರದ ಬುಡಕ್ಕೆ ಸಲ್ಲುತ್ತದೆ, ಯಾವ ಕಲ್ಲಿನ ಮುಂದೆ ಯಾವ ಮನೆತನ ಕಾಯಿ ಒಡೆಯುತ್ತದೆ, ಚರಗ ಎಲ್ಲಿಂದ ಆರಂಭವಾಗಿ ಎಲ್ಲಿಗೆ ಮುಗಿಯುತ್ತದೆ, ಬುಟ್ಟಿಯ ಯಾವ ಗೆರೆಗೆ ಯಾವ ಹೆಸರು ಎಂಬುದು ಊರಿನ ಕೆಲವೇ ಅಜ್ಜಿಯರಿಗೆ ಗೊತ್ತು. ಎಡೆಯಿಡುವ ದಾರಿಯನ್ನು ಸರ್ವೆ ನಕ್ಷೆಯ ಮೇಲೆ ಗುರುತಿಸಿ, ಅವರ ಹೇಳಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸಹಿಯೊಂದಿಗೆ ಬರೆಯಿಸಲು ದೊಡ್ಡ ಹಣವಾಗಲಿ ತಜ್ಞರಾಗಲಿ ಬೇಕಾಗಿಲ್ಲ. ಸೀಗೆ ಹುಣ್ಣಿಮೆಯ ಹಿಂದಿನ ರಾತ್ರಿ ಒಲೆಯ ಮುಂದೆ ಕೂರಲು ಒಬ್ಬಿಬ್ಬರು ಹುಡುಗಿಯರು, ಒಂದು ನೋಟುಪುಸ್ತಕ, ಬೆಳಗ್ಗೆ ಬುಟ್ಟಿಯ ಹಿಂದೆ ನಡೆಯಲು ನಕ್ಷೆ ಹಿಡಿದ ಒಬ್ಬ ಸಾಕು. ಚಿತ್ರದ ಫೋಟೋ ತೆಗೆಯುವುದು ಕೊನೆಯ ಕೆಲಸ. ಮೊದಲು ಕೇಳಬೇಕಾದದ್ದು, ಪಾಲು ಯಾರುಯಾರಿಗೆ ಎಂದು.